ಮನೆಯವರಿಗೆ ತಿಳಿಸುವುದು

"ಇಲ್ಲೊಂದು ಸಹಿ ಹಾಕಿಬಿಡಿ, ಮೇಷ್ಟ್ರೇ. ಸಂಜೆ ಬಾಂಗಿಗೆ ಮುಂಚೆ ಮನೆ ಸೇರ್ತೀರಿ."

ತೌಹಾಮಿ ಕಾಗದ ಓದಿದ. ನೀರಿನ ಕಚೇರಿಯ ಬಾಗಿಲಿಗೆ ನಝೀಹಾ ಬೆಂಕಿಯಿಟ್ಟದ್ದನ್ನು ತಾನು ಕಂಡೆನೆಂದು ಬರೆದಿತ್ತು. ವಕೀಲರು ಬೇಡವೆಂದು ತಾನೇ ಹೇಳಿದೆನೆಂದೂ ಬರೆದಿತ್ತು. ಎರಡನ್ನೂ ಅವನು ಹೇಳಿರಲಿಲ್ಲ. ನಝೀಹಾ ಅವನ ಶಾಲೆಯಲ್ಲೇ ಗಣಿತ ಕಲಿಸುವವಳು. ಬೆಳಿಗ್ಗೆ ನೀರಿಗಾಗಿ ಕೂಗಿದ ಗುಂಪಿನಲ್ಲಿ ಅವನ ಪಕ್ಕದಿಂದ ಅವಳು ಕದಲಿರಲಿಲ್ಲ.

"ವಕೀಲರು ಬರಲಿ," ಎಂದ.

ಇನ್ಸ್‌ಪೆಕ್ಟರ್ ಲಸ್ಸಾದ್ ನಕ್ಕ. ಗಾಬೆಸ್ ಊರಿನ ಅದೇ ಶಾಲೆಯಲ್ಲಿ ತೌಹಾಮಿಯಿಂದ ಇತಿಹಾಸ ಕಲಿತವನು. ತಾನು ಕಲಿಸಿದ್ದರಲ್ಲಿ ಯಾವುದು ಇವನನ್ನು ಮೇಜಿನ ಆಚೆ ಕೂರಿಸಿತೆಂದು ತೌಹಾಮಿ ಯೋಚಿಸಿದ.

"ನನ್ನ ಮೇಲೂ ನಂಬಿಕೆ ಇಲ್ವಾ? ನಿಮ್ಮ ಕೈಲಿ ಏಟು ತಿಂದು ಬೆಳೆದವನು ನಾನು."

"ಅದಕ್ಕೇ ಇಲ್ಲ."

ಬಾಗಿಲಲ್ಲಿದ್ದ ಪೇದೆ ಕಿಸಕ್ಕೆಂದ. "ಸಾರ್, ಮೇಷ್ಟ್ರಿಗೆ ರಂಜಾನ್ ಉಪವಾಸ ನೆತ್ತಿಗೇರಿದೆ."

ಲಸ್ಸಾದ್ ದನಿ ತಗ್ಗಿಸಿದ. "ಈ ಹೊತ್ತಲ್ಲಿ ಯಾವ ವಕೀಲ ಊಟ ಬಿಟ್ಟು ಬರ್ತಾನೆ? ಬಂದ್ರೂ ಕೇಸು ದೊಡ್ಡದಾಗುತ್ತೆ. ನೀವು ಒಳಗೆ ಮಲಗಬೇಕಾಗುತ್ತೆ. ಆ ಹೆಂಗಸಿಗೋಸ್ಕರ ಯಾಕೆ?"

ಅವಳಿಗೋಸ್ಕರವೇ? ತೌಹಾಮಿಗೆ ಖಚಿತವಿರಲಿಲ್ಲ. ಹೆಂಡತಿ ಮಬ್ರೂಕಾ ತೀರಿಕೊಂಡ ಮೇಲೆ ಯಾರಿಗೋಸ್ಕರವೂ ಅವನು ಏನನ್ನೂ ಮಾಡಿರಲಿಲ್ಲ. ಬೆಳಿಗ್ಗೆ ಕೂಗಿದಾಗಲೂ ದನಿ ಬೇರೆ ಯಾರದೋ ಅನ್ನಿಸಿತ್ತು. ಆದರೆ ಕಾಗದದ ಮೇಲಿನ 'ನಾನು ಕಂಡೆ' ತನ್ನದಲ್ಲ. ಅಷ್ಟು ಗೊತ್ತಿತ್ತು.

"ಸಹಿ ಹಾಕೋದಿಲ್ಲ. ವಕೀಲರು ಬರೋವರೆಗೆ ಹೇಳಿಕೆಯೂ ಇಲ್ಲ. ನನ್ನನ್ನ ಹಿಡಿದಿಟ್ಟಿರೋದು ಮನೆಗೆ ತಿಳಿಸು. ಅದು ಕಾನೂನು."

ಲಸ್ಸಾದ್‌ನ ನಗೆ ನಿಂತಿತು. "ಮನೇಲಿ ಯಾರಿದ್ದಾರೆ, ಮೇಷ್ಟ್ರೇ? ಅಮ್ಮಾವ್ರು ತೀರಿಕೊಂಡಾಗ ಮಯ್ಯತ್ತಿಗೆ ನಾನೇ ಹೆಗಲು ಕೊಟ್ಟಿದ್ದೆ."

"ಇರೋದು ಬಿಡೋದು ನನಗೆ ಸೇರಿದ್ದು. ತಿಳಿಸೋದು ನಿನ್ನ ಕೆಲಸ."

"ಹಟ ಮಾಡ್ಬೇಡಿ."

"ಫೋನ್ ಮಾಡು."

ಮಸೀದಿಯಿಂದ ಬಾಂಗು ಕೇಳಿತು. ಪೇದೆ ಖರ್ಜೂರದ ತಟ್ಟೆ ತಂದಿಟ್ಟ. ಲಸ್ಸಾದ್ ಅದನ್ನು ಮೇಷ್ಟ್ರ ಕಡೆಗೇ ಮೊದಲು ಸರಿಸಿದ. ತೌಹಾಮಿ ಅಲ್ಲಾಹನ ಹೆಸರು ಹೇಳಿ ಒಂದನ್ನು ಬಾಯಿಗಿಟ್ಟುಕೊಂಡ.

"ಹಾಂ, ಹೀಗೆ," ಎಂದು ಲಸ್ಸಾದ್ ಲೇಖನಿ ಚಾಚಿದ. "ಒಂದೇ ತಟ್ಟೇಲಿ ಉಂಡವರು ನಾವು."

"ಖರ್ಜೂರ ದೇವರದು. ಕಾಗದ ನಿನ್ನದು. ಫೋನ್ ಮಾಡು."

ಲಸ್ಸಾದ್‌ನ ಮುಖ ಕೆಂಪೇರಿತು. ಫೋನಿನ ದನಿ ಕೋಣೆಗೆಲ್ಲ ಕೇಳುವಂತೆ ಇಟ್ಟು, ಮೇಷ್ಟ್ರ ಮನೆಯ ನಂಬರಿನ ಒಂದೊಂದೇ ಅಂಕಿ ಒತ್ತಿದ. ಆ ಕಡೆ ಫೋನು ರಿಂಗಾಗತೊಡಗಿತು. ರಿಂಗಾಗಿ ರಿಂಗಾಗಿ ನಿಂತಿತು.

"ಕೇಳಿದ್ರಲ್ಲ? ಸಮಾಧಾನ ಆಯ್ತಾ?"

"ಇನ್ನೊಂದ್ಸಲ."

ಪೇದೆ ಈಗ ನಗಲಿಲ್ಲ. ಲಸ್ಸಾದ್ ಮೇಷ್ಟ್ರನ್ನು ನೋಡದೆ ಮತ್ತೆ ಒತ್ತಿದ. ತೌಹಾಮಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕಿವಿಗೊಟ್ಟ. ಕಿಟಕಿ ಮುಚ್ಚಿದ, ದೀಪ ಹಚ್ಚದ ತನ್ನ ಮನೆಯಲ್ಲಿ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.