ಮಾವನ ಕ್ಯಾಲೆಂಡರು, ಸೊಸೆಯ ಕ್ಯಾಲೆಂಡರು

ಮಲ್ಲತ್ತಹಳ್ಳಿಯ ಚಿಕ್ಕಮುನಿಯಪ್ಪನವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮದುವೆ ಬೆಳೆಯುತ್ತಿದ್ದರು. ಅಲ್ಲೊಂದು ಕಲ್ಯಾಣ ಮಂಟಪ ಎದ್ದಿತ್ತು. ಮದುವೆಗಳ ಬುಕಿಂಗ್ ಅವರದು, ಸೀಮಂತ ನಾಮಕರಣಗಳದ್ದು ಸೊಸೆ ಕುಸುಮಾಳದು. ಇಬ್ಬರೂ ಇಂಟರ್‌ನೆಟ್ಟಿನಲ್ಲಿ ತಂತಮ್ಮ ಕ್ಯಾಲೆಂಡರ್ ಇಟ್ಟುಕೊಂಡಿದ್ದರು. 2007ರ ಡಿಸೆಂಬರಿನಲ್ಲಿ, ಮಹಡಿಯ ಬಾಡಿಗೆ ರೂಮಿನ ಎಂಸಿಎ ವಿದ್ಯಾರ್ಥಿ, ಬಾಗಲಕೋಟೆಯ ಶ್ರೀಶೈಲ, ಚಿಕ್ಕಮುನಿಯಪ್ಪನವರಿಗೊಂದು ಪ್ರೋಗ್ರಾಂ ಬರೆದುಕೊಟ್ಟ. ತಾರೀಕು ಒತ್ತಿದರೆ ಅದು ಮಾವನ ಹೆಸರಿನಲ್ಲಿ ಕ್ಯಾಲೆಂಡರಿನ ವೆಬ್‌ಸೈಟಿಗೆ ಹೋಗಿ, ಎರಡೂ ಕ್ಯಾಲೆಂಡರುಗಳನ್ನು ಕೇಳಿ ತಂದು, ‘ಖಾಲಿ’ ಅಥವಾ ‘ಬುಕ್’ ಎನ್ನಬೇಕು.

ಮೊದಲು ಬಂದವರು ಬಾಗಲಕೋಟೆ ಕಡೆಯಿಂದ ಬಂದು ಲಗ್ಗೆರೆಯಲ್ಲಿ ನೆಲೆಸಿದ್ದ ಗುರುಸಿದ್ದಯ್ಯ. “ಮಗಳ ಮದಿವಿ ರೀ. ಫೆಬ್ರುವರಿ ಹದಿನೇಳು ಖಾಲಿ ಐತೇನ್ರಿ?”

ಶ್ರೀಶೈಲ ಒತ್ತಿದ. ‘ಖಾಲಿ’ ಎಂದಿತು ಪರದೆ.

“ನೋಡಿದ್ರಾ? ಮುಂಚೆ ನಾನು ಹುಡುಕೋಷ್ಟ್ರಲ್ಲಿ ಮದುಮಗಳಿಗೆ ಮಗು ಆಗ್ತಿತ್ತು,” ಎಂದು ಚಿಕ್ಕಮುನಿಯಪ್ಪ ತಾಂಬೂಲದ ತಟ್ಟೆ ಎಳೆದುಕೊಂಡರು. ಎಲೆ ಅಡಿಕೆ ಕೈ ಬದಲಿಸಿದರೆ ಮುಗಿಯಿತು. ಹಾಗೆ ಕೊಟ್ಟ ಮಾತನ್ನು ಅವರು ಹಿಂದಕ್ಕೆ ಪಡೆದದ್ದೇ ಇಲ್ಲ.

ಪರದೆಯ ಮೂಲೆಯಲ್ಲಿ ಸಣ್ಣಗೆ ‘ತಂದ ಕ್ಯಾಲೆಂಡರ್: 1’ ಎಂದಿದ್ದುದು ಶ್ರೀಶೈಲನಿಗೆ ಆಗ ಕಂಡಿತು. ತಾಂಬೂಲ ತಡೆಯಲು ಬೇರೇನೂ ತೋಚದೆ ತಟ್ಟೆಗೆ ಕೈಹಾಕಿ ಎಲೆ ಅಡಿಕೆ ಬಾಯಿಗೆ ತುರುಕಿಕೊಂಡ.

“ಲೇ ಲೇ! ಅದು ಅವರಿಗೆ ಕೊಡೋದು ಕಣೋ!”

“ತಡೀರಿ ಅಂಕಲ್. ಕುಸುಮಕ್ಕಾರ ಕ್ಯಾಲೆಂಡರ್ ಬಂದೇ ಇಲ್ಲ. ನಿಮ್ಮ ಸ್ವಂತದ್ದಷ್ಟ ಕೊಡು ಅಂತ ಕೇಳೀನಿ ನಾ.”

“ಅವಳದೂ ನಂದೇ ಅಲ್ವೇನೋ? ಸೊಸೆ ಕಣೋ!”

“ನಾನೂ ಹಂಗ ತಿಳ್ಕೊಂಡಿದ್ದೆ. ಆದ್ರ ನಿಮ್ಮ ಮನ್ಯಾಗಷ್ಟ ಸೊಸಿ. ವೆಬ್‌ಸೈಟಿಗೆ ಆಕಿ ಬ್ಯಾರೆ ಮನಿಯಾಕಿ. ನಿಮಗ ನೋಡಾಕ ಕೊಟ್ಟಾಳ, ಅಷ್ಟ.”

“ಥೇಟ್ ಅವಳಮ್ಮನ ಥರ ಮಾತಾಡ್ತದಲ್ಲೋ ನಿನ್ನ ವೆಬ್‌ಸೈಟು!”

ಶ್ರೀಶೈಲ ಎಲೆ ಜಗಿಯುತ್ತಲೇ, ‘ಸ್ವಂತದ್ದು ಕೊಡು’ ಎಂದಿದ್ದ ಕಡೆ ‘ಎಲ್ಲವನ್ನೂ ಕೊಡು’ ಎಂದು ತಿದ್ದಿ ಮತ್ತೆ ಓಡಿಸಿದ. ಈ ಸಲ ಎರಡು ಬಂದವು. ಹದಿನೇಳಕ್ಕೆ ಹನುಮಕ್ಕನ ಮಗಳ ಸೀಮಂತ.

ಚಿಕ್ಕಮುನಿಯಪ್ಪ ಹಣೆ ಒರೆಸಿಕೊಂಡರು. “ಬಸುರಿ, ಮದುಮಗಳು ಇಬ್ರೂ ಒಂದೇ ಬಾಗಿಲಿಗೆ ಬಂದು ನಿಂತಿದ್ರೆ ನಾನು ಎಲ್ಲಿಗ್ ಓಡ್ಬೇಕಿತ್ತು ಗುರುಸಿದ್ದಯ್ಯನೋರೇ?”

“ನಮ್ಮ ಲಗ್ಗೆರಿಗೇ ಬರ್ರಿ, ರೊಟ್ಟಿ ಹಾಕ್ತೀವಿ,” ಎಂದು ಅವರು ನಕ್ಕರು. “ಇಪ್ಪತ್ತೊಂದರ ಮುಹೂರ್ತಾನೂ ಛಲೋ ಐತ್ರಿ. ಅದನ್ನ ನೋಡ್ರಿ.”

ಪರದೆ ‘ಖಾಲಿ’ ಎಂದಿತು. ಚಿಕ್ಕಮುನಿಯಪ್ಪ ತಟ್ಟೆ ಮುಟ್ಟದೆ ಫೋನ್ ಎತ್ತಿಕೊಂಡರು.

“ಕುಸುಮಾ, ಇಪ್ಪತ್ತೊಂದು ಖಾಲಿನೇನಮ್ಮಾ?”

“ಖಾಲಿ ಮಾವ. ಯಾಕೆ, ಕಂಪ್ಯೂಟರ್ ಹೇಳ್ಲಿಲ್ವಾ?”

“ಹೇಳ್ತು. ಮಾತು ಕೊಡೋನು ನಾನಲ್ವಾ, ಅದಕ್ಕೇ ಕೇಳ್ದೆ.”

ಹೊಸದಾಗಿ ಎಲೆ ಅಡಿಕೆ ಜೋಡಿಸಿ, ಎರಡೂ ಕೈಯಲ್ಲಿ ಗುರುಸಿದ್ದಯ್ಯನವರಿಗೆ ಕೊಟ್ಟರು.