ಜಿಪ್ ಮಾಮನ ಪುಟ

ಬೆಂಚು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಮೇಲಿನಿಂದ ಇಬ್ಬರು ಎಳೆಯುತ್ತಿದ್ದರು, ಕೆಳಗಿನಿಂದ ಇಬ್ಬರು ನೂಕುತ್ತಿದ್ದರು. ನಡುವೆ ಗೋಡೆಗೆ ಬೆನ್ನಂಟಿಸಿ ನಿಂತ ಟೀಚರಮ್ಮ ಅತ್ತ ಹೋಗಲಾರದೆ ಇತ್ತ ಇಳಿಯಲಾರದೆ ಉಸಿರು ಬಿಗಿಹಿಡಿದಿದ್ದಳು.

"ಎಳೀಬೇಡ್ರೋ," ಎಂದ ಕೆಳಗಿದ್ದ ಹಮಾಲ. "ಸಿಕ್ಕಿಕೊಂಡಿದ್ದನ್ನ ಎಳೆದ್ರೆ ಹಲ್ಲು ಕಿತ್ತು ಬರುತ್ತೆ. ಒಂಚೂರು ಹಿಂದಕ್ಕೆ ಬಿಡಿ, ಆಮೇಲೆ ಮುಂದಕ್ಕೆ. ಮಾಮ ದಿನಾ ಅದನ್ನೇ ತಾನೆ ಬಡ್ಕೋತಿದ್ದಿದ್ದು?"

"ಮಾಮ ಹೇಳ್ತಿದ್ದಿದ್ದು ಜಿಪ್ಪಿಗೆ ಕಣಯ್ಯ, ಬೆಂಚಿಗಲ್ಲ."

"ಸಿಕ್ಕಿಕೊಂಡ ಮೇಲೆ ಎಲ್ಲಾ ಒಂದೇ."

ಹಿಂದಕ್ಕೆ ಬಿಟ್ಟರು. ಬೆಂಚು ಬಿಡಿಸಿಕೊಂಡಿತು. ನಾಲ್ವರಿಗೂ ನಗು ಬಂತು; ಮರುಕ್ಷಣ ಮೂರನೆಯ ಮಹಡಿಯ ತೆರೆದ ಬಾಗಿಲಿನತ್ತ ನೋಡಿ, ತಪ್ಪು ಮಾಡಿದವರಂತೆ ತಲೆ ತಗ್ಗಿಸಿದರು.

ಜಿಪ್ ಮಾಮ ಬಸ್ ನಿಲ್ದಾಣದ ಮೆಟ್ಟಿಲ ಮೇಲೆ ಇಪ್ಪತ್ತೇಳು ವರ್ಷ ಕೂತವನು. ಚೀಲವೋ ಸೂಟ್‌ಕೇಸೋ ಜಾಕೀಟೋ, ಯಾವುದರ ಜಿಪ್ ಕೈಕೊಟ್ಟರೂ ಅವನ ಮುಂದೆ ಬಂದು ಬೀಳಬೇಕು. ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಬಡವರ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುವ ಒಂದು ಕೇಂದ್ರವಿದೆ. ಅವನ ಒಬ್ಬಳೇ ಮಗಳು ಓದಿದ್ದು ಅಲ್ಲೇ. ಟೀಚರಮ್ಮ ಹದಿನಾರು ವರ್ಷದಿಂದ ದುಡಿಯುತ್ತಿರುವುದೂ ಅಲ್ಲೇ. ನಿನ್ನೆ ಮಧ್ಯಾಹ್ನ ಮಾಮ ಕೂತಲ್ಲೇ ಒರಗಿ ಪ್ರಾಣ ಬಿಟ್ಟನಂತೆ, ಕೈಯಲ್ಲಿ ಯಾರದೋ ಚೀಲ ಹಾಗೇ ಇತ್ತಂತೆ. ಸುದ್ದಿ ಕೇಳಿದಾಗಿನಿಂದ ಟೀಚರಮ್ಮನ ತಲೆಯಲ್ಲಿ ಒಂದೇ ಯೋಚನೆ: ಹೋಗದೆ ಇರುವಂತಿಲ್ಲ, ಹೋಗಿ ಹತ್ತು ನಿಮಿಷ ಮೂಲೆಯಲ್ಲಿ ನಿಂತು, ಯಾರೂ ಆ ಪುಸ್ತಕದ ಮಾತೆತ್ತುವ ಮೊದಲು ಇಳಿದುಬಿಡಬೇಕು. ಎಂಟು ವರ್ಷದಿಂದ ಅವಳು ಆ ಮೆಟ್ಟಿಲು ತಪ್ಪಿಸಿ, ಎರಡು ಬೀದಿ ಸುತ್ತುಹಾಕಿ ಕೆಲಸಕ್ಕೆ ಹೋಗುತ್ತಿದ್ದಳು.

ಒಂದೇ ಕೋಣೆಯ ಮನೆ. ಕಿಟಕಿಯ ಪಕ್ಕದ ಮಂಚದಲ್ಲಿ ಮಾಮ ಎದೆಯವರೆಗೆ ಬಿಳಿ ಹೊದಿಕೆ ಹೊದ್ದು ಮಲಗಿದ್ದ. ಇಕ್ಕಳ ಒತ್ತಿ ಒತ್ತಿ ಚಪ್ಪಟೆಯಾದ ಹೆಬ್ಬೆರಳಿನ ಉಗುರು ಹೊರಗೆ ಕಾಣುತ್ತಿತ್ತು. ಎಷ್ಟು ತೊಳೆದರೂ ಹೋಗದ ಥಿನ್ನರಿನ ವಾಸನೆ ಕೋಣೆಯಲ್ಲಿ ಇನ್ನೂ ಇತ್ತು. ತಲೆಯ ಹತ್ತಿರದ ಸ್ಟೂಲಿನ ಮೇಲೆ, ಪ್ಲಾಸ್ಟಿಕ್ ಹೊದಿಕೆ ಹಾಕಿದ ತೆಳ್ಳನೆಯ ಪುಸ್ತಕ. ಮುಖಪುಟದಲ್ಲಿ ಹದಿಮೂರು ವರ್ಷದ ಮಗಳು, ಹಿಂದೆ ಎದೆಯುಬ್ಬಿಸಿ ನಿಂತ ಅವನು.

ಟೀಚರಮ್ಮ ಬಾಗಿಲ ಪಕ್ಕದ ಮೂಲೆಯತ್ತ ಸರಿದಳು.

"ಬಂದ್ರಾ ತಾಯಿ," ಮಾಮನ ಹೆಂಡತಿ ಅವಳ ಎರಡೂ ಕೈ ಹಿಡಿದುಕೊಂಡಳು. "ನಿಮ್ಮನ್ನ ನೆನೆಸ್ಕೊಳ್ಳದ ದಿನ ಇರಲಿಲ್ಲ ಇವ್ರು. 'ನನ್ನ ಅಚ್ಚು ಹಾಕಿಸಿದೋರು' ಅಂತಾನೇ ಅನ್ನೋರು. ಜಾಗ ಬಿಡ್ರಪ್ಪ, ಟೀಚರಮ್ಮ ಮುಂದೆ ಬರಲಿ."

ಮೂಲೆ ಸಿಗಲಿಲ್ಲ. ಮಂಚದ ಪಕ್ಕದಲ್ಲೇ ಕೂರಿಸಿದರು.

* * *

ಎಂಟು ವರ್ಷದ ಹಿಂದೆ, ಕೇಂದ್ರದ ವಾರ್ಷಿಕ ಪುಸ್ತಕಕ್ಕೆ ಮಾಮ ಮತ್ತು ಅವನ ಮಗಳ ಬಗ್ಗೆ ಟೀಚರಮ್ಮ ಬರೆದುಕೊಟ್ಟ ಪುಟವನ್ನು ನಿರ್ದೇಶಕರು ಓದಿ ಮೇಜಿನ ಮೇಲಿಟ್ಟಿದ್ದರು. ದೂರದೇಶದ ದಾನಿಗಳ ಭಾಷೆಯಲ್ಲಿ, ದಾನಿಗಳಿಗಾಗಿಯೇ ಅಚ್ಚಾಗುವ ಪುಸ್ತಕ ಅದು.

"ಚೆನ್ನಾಗಿದೆ. ಆದ್ರೆ ಅಪ್ಪ ಒಳ್ಳೆಯವನು, ಮಗಳು ಜಾಣೆ. ಹಾಗಾದ್ರೆ ಇದ್ರಲ್ಲಿ ನಮ್ಮ ಕೆಲಸ ಏನಮ್ಮ?"

"ಇರೋದೇ ಹಾಗೆ ಸರ್."

"ಇರೋದು ಹಾಗೆ. ಓದೋರಿಗೆ ಕರುಳು ಚುರ್ ಅನ್ನಬೇಕಲ್ಲ? 'ಮನೆಯ ಸಮಸ್ಯೆ' ಅನ್ನೋ ಕಡೆ ಖಾಲಿ ಬಿಟ್ಟಿದೀರಿ. ಖಾಲಿ ಬಿಟ್ಟಿದ್ದನ್ನ ಅವರು ವಾಪಸ್ ಕಳಿಸ್ತಾರೆ. ಸಂಜೆ ಒಳಗೆ ಕೊಡಿ."

ಟೀಚರಮ್ಮನ ಮಗನಿಗೆ ಜ್ವರ ಎಂದು ಪಕ್ಕದ ಮನೆಯಿಂದ ಎರಡು ಸಲ ಫೋನು ಬಂದಿತ್ತು. ಅವಳು ಪೆನ್ನು ಹಿಡಿದು ಕೂತಳು. ಜಿಪ್ ಮಾಮ ಮಗಳನ್ನು ಬಿಡಲು ಬಂದಾಗ ಒಂದು ಕಟು ವಾಸನೆ ಬರುತ್ತಿದ್ದದ್ದು, ಕಣ್ಣು ಕೆಂಪಗಿರುತ್ತಿದ್ದದ್ದು ನೆನಪಾಯಿತು. ಹಿಂದೊಮ್ಮೆ ಅವಳೇ ಕೇಳಿದ್ದಳು. ಅವನು ನಾಚಿ ಎರಡು ಹೆಜ್ಜೆ ಹಿಂದೆ ಸರಿದು ಹೇಳಿದ್ದ: "ಥಿನ್ನರ್ ಟೀಚರಮ್ಮ. ಹಳೇ ಗೋಂದು ತೆಗೆಯೋಕೆ. ಕಣ್ಣಿಗೂ ಹೊಡೆಯುತ್ತೆ. ದೂರಾನೇ ನಿಲ್ತೀನಿ ಬಿಡಿ."

ಅಂದರೆ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬರೆದಳು. ತಂದೆ ಕುಡುಕ. ಸಂಜೆಯಾದರೆ ಮನೆಯಲ್ಲಿ ಹೊಡೆತ. ಮಗಳು ಪುಸ್ತಕವನ್ನು ಮಂಚದ ಕೆಳಗೆ ಬಚ್ಚಿಟ್ಟು ಓದಬೇಕಿತ್ತು. ಕೇಂದ್ರ ಅವಳ ಕೈ ಹಿಡಿಯಿತು. ಇಷ್ಟಕ್ಕೆ ಕಾಲು ಗಂಟೆಯೂ ಹಿಡಿಯಲಿಲ್ಲ. ಮನೆಗೆ ಹೋಗಲು ಕೊನೆಯ ಬಸ್ಸಿಗಿಂತ ಮುಂಚಿನ ಬಸ್ಸೇ ಸಿಕ್ಕಿತು.

ಪುಸ್ತಕ ಅಚ್ಚಾಗಿ ಬಂದ ದಿನ ಒಂದು ಪ್ರತಿಯನ್ನು ಮಾಮನೇ ಕೇಳಿ ಇಸಿದುಕೊಂಡ. ಕೈ ಒರೆಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದ.

"ಏನಂತ ಬರೆದಿದೀರಿ?"

"ಒಳ್ಳೇದೇ ಬರೆದಿದೀನಿ."

ಅವನು ಖುಷಿಯಲ್ಲಿ ಅವಳ ಕೈಚೀಲವನ್ನು ಕಿತ್ತುಕೊಂಡು, ಆರು ತಿಂಗಳಿಂದ ಅರ್ಧಕ್ಕೇ ನಿಂತಿದ್ದ ಜಿಪ್ಪನ್ನು ಅಲ್ಲೇ ನಿಂತು ಸರಿಮಾಡಿಕೊಟ್ಟಿದ್ದ.

* * *

"ಸ್ಮಶಾನದ ವ್ಯಾನು ಬರೋಕೆ ಇನ್ನೂ ಅರ್ಧ ಗಂಟೆ ಇದೆ," ಎಂದ ವಾಚಿನಜ್ಜ. ಮೆಟ್ಟಿಲ ಮೇಲೆ ಮಾಮನ ಪಕ್ಕದಲ್ಲೇ ಕೂತು ಕೈಗಡಿಯಾರ ರಿಪೇರಿ ಮಾಡುವ ಮುದುಕ. "ಅಷ್ಟರಲ್ಲಿ ಅದನ್ನ ಒಂದ್ಸಲ ಓದಿಬಿಡಿ ಟೀಚರಮ್ಮ. ಬರೆದೋರ ಬಾಯಲ್ಲೇ ಕೇಳಿಸ್ಕೊಂಡು ಹೋಗಲಿ."

"ಅದು... ಆ ಭಾಷೆ ಯಾರಿಗೂ ಅರ್ಥ ಆಗಲ್ಲ ಅಜ್ಜ."

"ನಮ್ಮ ಮಾತಲ್ಲಿ ಹೇಳಿ. ಇವಳು ಹಾಗೇ ತಾನೆ ಹೇಳ್ತಿದ್ದಿದ್ದು?"

"ಯಾರು?"

"ಇನ್ಯಾರು, ನಮ್ಮ ಮಗಳು," ಎಂದಳು ಮಾಮನ ಹೆಂಡತಿ. "ಪ್ರತಿ ವರ್ಷ ಅವಳು ಪಾಸಾದ ದಿನ ಇವ್ರು ಎಲ್ಲರನ್ನೂ ಕೂರಿಸ್ಕೊಂಡು ಓದಿಸೋರು. ಬೇರೆ ಯಾರ ಕೈಗೂ ಪುಸ್ತಕ ಕೊಡ್ತಿರಲಿಲ್ಲ. ಹರಿದುಹೋಗುತ್ತೆ ಕೊಡಬೇಡ ಅಂತ ಇವಳೇ ಕಟ್ಟುನಿಟ್ಟು ಮಾಡಿದ್ಲು. ನಿನ್ನೆಯಿಂದ ಬಾಯೇ ಬಿಟ್ಟಿಲ್ಲ ನೋಡಿ, ಅವಳ ಕೈಲಿ ಇವತ್ತು ಆಗಲ್ಲ. ನೀವೇ ಓದಿ ತಾಯಿ."

ಟೀಚರಮ್ಮ ತಲೆಯೆತ್ತಿದಳು. ಗೋಡೆಗೆ ಒರಗಿ ಕೂತ ಮಗಳು ಅವಳನ್ನೇ ನೋಡುತ್ತಿದ್ದಳು. ಈಗ ಇಪ್ಪತ್ತೊಂದು ವರ್ಷ. ಔಷಧಿ ಅಂಗಡಿಯಲ್ಲಿ ಕೆಲಸ. ಆ ಭಾಷೆ ಕಲಿತದ್ದು ಕೇಂದ್ರದಲ್ಲಿ. ಕಲಿಸಿದ್ದು ಟೀಚರಮ್ಮನೇ. ಹಾಗಾದರೆ ಎಲ್ಲ ಓದಿದ್ದಾಳೆ. ಎಂಟು ವರ್ಷದ ಹಿಂದೆಯೇ.

ಎದ್ದು, ಎಲ್ಲರ ಮುಂದೆ ಕೈಮುಗಿದು, ನಾನು ಸುಳ್ಳು ಬರೆದೆ ಎಂದುಬಿಟ್ಟರೆ? ಅವಳ ಎದೆ ಹಗುರಾಗುತ್ತಿತ್ತು. ಆದರೆ ಏನು ಸುಳ್ಳು ಎಂದು ಕೇಳುತ್ತಾರಲ್ಲ. ಕುಡುಕ, ಹೆಂಡತಿ ಮಗಳಿಗೆ ಹೊಡೆಯುವವನು ಎಂಬ ಮಾತನ್ನು ಈ ಮಂಚದ ಪಕ್ಕದಲ್ಲಿ ಕೂತು ಆಡಬೇಕಲ್ಲ.

ಪುಸ್ತಕ ತೆಗೆದು ಹನ್ನೊಂದನೆಯ ಪುಟ ಬಿಡಿಸಿದಳು. ಪ್ಲಾಸ್ಟಿಕ್ ಹೊದಿಕೆ ಸರಸರ ಸದ್ದು ಮಾಡಿತು.

"ಈ... ಈತ ಒಬ್ಬ ಶ್ರಮಜೀವಿ. ಕಷ್ಟಗಳನ್ನು ಎದುರಿಸಿ ತನ್ನ ಕುಟುಂಬವನ್ನು..."

"ಅಲ್ಲಲ್ಲ," ಎಂದ ಹಮಾಲ, ಬೆಂಚಿನ ತುದಿಯಿಂದ. "ಮೊದಲು ಮೆಟ್ಲು ಬರುತ್ತೆ ಟೀಚರಮ್ಮ."

"ಹೌದು, ಮೆಟ್ಲು. ಆಮೇಲೆ ಮಳೆ," ಎಂದಳು ನಿಲ್ದಾಣ ಗುಡಿಸುವಾಕೆ. "ಶ್ರಮಜೀವಿ ಗಿಮಜೀವಿ ಎಲ್ಲೂ ಬರಲ್ಲ."

"ಬರೆದೋರಿಗೇ ಮರೆತುಹೋಗಿದೆ," ವಾಚಿನಜ್ಜ ಕನಿಕರದಿಂದ ನಕ್ಕ. "ವರ್ಷಕ್ಕೆ ಎಷ್ಟು ಜನರದ್ದು ಬರೀತಾರೋ ಪಾಪ. ಸಾವಕಾಶ ನೋಡ್ಕೊಂಡು ಓದಿ, ಅವಸರ ಇಲ್ಲ."

ಟೀಚರಮ್ಮ ಪುಟವನ್ನೇ ನೋಡುತ್ತ ಕೂತಳು. ಅಲ್ಲಿ ಮೆಟ್ಟಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ. ಇಷ್ಟು ಜನಕ್ಕೆ ಬಾಯಿಪಾಠವಾಗಿರುವ ಪುಟ ಅವಳು ಬರೆದದ್ದಲ್ಲ.

ಗೋಡೆಯ ಹತ್ತಿರ ಅಲುಗಾಟವಾಯಿತು. ಮಗಳು ಎದ್ದು ಬಂದು ಪಕ್ಕದಲ್ಲಿ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತಳು. ತೋರುಬೆರಳನ್ನು ಮೊದಲ ಸಾಲಿನ ಕೆಳಗಿಟ್ಟಳು. ಬೆರಳು ಕುಡುಕ ಎಂಬ ಪದದಡಿಯಲ್ಲಿತ್ತು.

"ಇಲ್ಲಿಂದ ಟೀಚರ್," ಎಂದಳು. ದನಿ ಒಡೆದಿತ್ತು. "ನಾನು ಹೇಳ್ಕೊಡ್ತೀನಿ. ಹಿಂದೇನೇ ಹೇಳಿ."

"ನೋಡಮ್ಮ, ನಾನು..."

"ಅಮ್ಮ ಇಲ್ಲೇ ಇದಾಳೆ," ಮಗಳು ಪಿಸುಗುಟ್ಟಿದಳು. "ಹಿಂದೇನೇ ಹೇಳಿ, ಅಷ್ಟೆ."

ಬೆರಳು ಸರಿಯಿತು. ಮಗಳು ಒಂದೊಂದೇ ಮಾತು ಹೇಳಿಕೊಟ್ಟಳು, ಟೀಚರಮ್ಮ ಒಂದನೇ ಕ್ಲಾಸಿನ ಹುಡುಗಿಯಂತೆ ಒಪ್ಪಿಸಿದಳು.

"ನನ್ನ ಅಪ್ಪ ಬಸ್ ನಿಲ್ದಾಣದ ಮೆಟ್ಟಿಲ ಮೇಲೆ ಕೂರುತ್ತಾನೆ. ಮಳೆ ಬಂದರೂ ಎದ್ದು ಹೋಗುವುದಿಲ್ಲ, ಏಕೆಂದರೆ ಜನರ ಚೀಲ ಬಾಯಿ ಬಿಡುವುದು ಮಳೆಯಲ್ಲೇ."

"ಹಾಂ," ಎಂದ ಹಮಾಲ, ಸಮಾಧಾನವಾದವನಂತೆ.

ಬೆರಳು ಹೊಡೆತದ ಸಾಲಿಗೆ ಇಳಿಯಿತು. "ಅವನಿಗೆ ಓದಲು ಬರುವುದಿಲ್ಲ. ಆದರೆ ನಾನು ಓದುವಾಗ ಪಕ್ಕದಲ್ಲಿ ಕೂತು ಹಾಳೆ ತಿರುಗಿಸಿ ಕೊಡುತ್ತಾನೆ. ಕೆಲವು ಸಲ ಬೇಗ ತಿರುಗಿಸಿಬಿಡುತ್ತಾನೆ."

ಯಾರೋ ಮೂಗು ಸೀಟಿಕೊಂಡರು. ಹೆಂಡತಿ ನಗುತ್ತಲೇ ಅಳುತ್ತಿದ್ದಳು. "ಬೇಗ ತಿರುಗಿಸಿ ಬೈಸ್ಕೊಳ್ಳೋರು," ಎಂದಳು ಹೊದಿಕೆಯನ್ನು ಸವರುತ್ತ.

ಮಂಚದ ಕೆಳಗೆ ಬಚ್ಚಿಟ್ಟ ಪುಸ್ತಕದ ಸಾಲು, ಕೈಹಿಡಿದ ಕೇಂದ್ರದ ಸಾಲು. ಆ ಸಾಲುಗಳ ಮೇಲೆ ಬೆರಳು ಎಲ್ಲೂ ತಡವರಿಸಲಿಲ್ಲ. ಕೊನೆಯ ವಾಕ್ಯಕ್ಕೆ ಯಾರೂ ಹೇಳಿಕೊಡಬೇಕಾಗಲಿಲ್ಲ, ಬೆಂಚಿನವರು, ಬಾಗಿಲಲ್ಲಿ ನಿಂತವರು, ವಾಚಿನಜ್ಜ, ಎಲ್ಲರೂ ಒಟ್ಟಿಗೇ ಹೇಳಿದರು: "ಇಂಥ ಅಪ್ಪ ಈ ಊರಿನಲ್ಲಿ ಇನ್ನೊಬ್ಬನಿಲ್ಲ ಎಂದು ನಮ್ಮ ಕೇಂದ್ರವು ತೀರ್ಮಾನಿಸಿದೆ."

ಮಗಳ ಬೆರಳು ಮಾತ್ರ ಪುಟದಿಂದ ಏಳಲಿಲ್ಲ.

"ಅದರ ಕೆಳಗೆ ಇನ್ನೊಂದು ಸಾಲಿದೆಯಲ್ಲ, ಸಣ್ಣ ಅಕ್ಷರದ್ದು," ಮಾಮನ ಹೆಂಡತಿ ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು. "ಅದನ್ನ ಇವಳು ಯಾವತ್ತೂ ಓದ್ತಿರಲಿಲ್ಲ. ಇವ್ರು ಕೇಳಿದ್ರೆ, ಅದೇನೂ ಇಲ್ಲಪ್ಪ ಅಂದು ಮುಚ್ಚಿಟ್ಟುಬಿಡೋಳು. ಏನದು ತಾಯಿ?"

ಬರೆದವರು ಎಂದಿತ್ತು. ಮುಂದೆ ಟೀಚರಮ್ಮನ ಹೆಸರಿತ್ತು.

"ಅದನ್ನ ನಾನು ಹೇಳ್ಕೊಡಲ್ಲ," ಎಂದಳು ಮಗಳು. "ನೀವೇ ಓದಿ ಟೀಚರ್."

ಕೆಳಗೆ ವ್ಯಾನು ಹಿಮ್ಮುಖವಾಗಿ ಗಲ್ಲಿಯೊಳಕ್ಕೆ ಬರುತ್ತಿರುವ ಸದ್ದು ಕೇಳಿಸಿತು. ಯಾರೂ ಎದ್ದೇಳಲಿಲ್ಲ. ಬಾಗಿಲಲ್ಲಿದ್ದವರೂ ಇನ್ನೊಂದು ಹೆಜ್ಜೆ ಒಳಗೆ ಬಂದು, ಕಲಿತುಕೊಳ್ಳಲು ಸಿದ್ಧರಾದವರಂತೆ, ಟೀಚರಮ್ಮನ ತುಟಿಯನ್ನೇ ನೋಡುತ್ತ ನಿಂತರು.