ಲೈಸನ್ಸು ಯಾರ ಹೆಸರಿನಲ್ಲಿದೆ?

ಆಳಂದದ ಬಸ್‌ಸ್ಟ್ಯಾಂಡಿನ ಹತ್ತಿರ ದೌಲತರಾಯನ ಔಷಧಿ ಅಂಗಡಿ ಎಂದರೆ ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತು. ಹದಿನೆಂಟು ವರ್ಷ ಅವನು ಆ ಕಟ್ಟೆಯ ಮೇಲೆ ಕೂತು ಔಷಧ ಕೊಟ್ಟಿದ್ದ. ಸಾವಿರದ ಒಂಬೈನೂರ ತೊಂಬತ್ತೆರಡರ ಬೇಸಿಗೆಯಲ್ಲಿ ಒಂದು ದಿನ ಎದೆನೋವೆಂದು ಮಲಗಿದವನು ಮತ್ತೆ ಏಳಲಿಲ್ಲ.

ಹದಿಮೂರು ದಿನ ಅಂಗಡಿ ಮುಚ್ಚಿತ್ತು. ಹದಿನಾಲ್ಕನೆಯ ದಿನ ಹೆಂಡತಿ ಸುಭದ್ರಾಬಾಯಿ ಬಾಗಿಲು ತೆರೆದಳು. ಎರಡು ಹೆಣ್ಣುಮಕ್ಕಳ ಓದು, ಮನೆಯ ಊಟ ಎಲ್ಲ ಅದರ ಮೇಲೆಯೇ ನಡೆಯಬೇಕಿತ್ತು. ಗಂಡನ ಪಕ್ಕ ನಿಂತು ಎಷ್ಟೋ ವರ್ಷ ಔಷಧ ಕಟ್ಟಿಕೊಟ್ಟವಳು. ಯಾವ ಡಬ್ಬಿ ಎಲ್ಲಿದೆ ಎಂಬುದು ಕೈಗೇ ಗೊತ್ತಿತ್ತು. ಆದರೂ ಸರಕಾರಿ ಜೀಪು ನಿಂತ ಸದ್ದಾದರೆ ಎದ್ದು ಬಾಗಿಲಿಗೆ ಬಂದು ನೋಡುತ್ತಿದ್ದಳು. ಯಾಕೆಂದು ಅವಳಿಗೇ ತಿಳಿಯುತ್ತಿರಲಿಲ್ಲ.

ನಲವತ್ತನೆಯ ದಿನ ಎದುರಿನ ಔಷಧಿ ಅಂಗಡಿಯ ಗೌಸಮೊಹಿದ್ದೀನ ರಸ್ತೆ ದಾಟಿ ಬಂದ. ತಾಲೂಕಿನ ಔಷಧ ವ್ಯಾಪಾರಿಗಳ ಸಂಘದ ಕೆಲಸವನ್ನೂ ಅವನೇ ನೋಡುತ್ತಿದ್ದ.

"ಭಾಬಿ, ಒಂದು ಮಾತು ಹೇಳ್ತೇನಿ, ತಪ್ಪು ತಿಳೀಬ್ಯಾಡ್ರಿ. ಲೈಸನ್ಸು ಇನ್ನೂ ದೌಲತಣ್ಣನ ಹೆಸರಿನ್ಯಾಗೇ ಅದ ಅಲ್ರಿ?"

"ಹೌದ್ರಿ. ಮುಂದಿನ ವರ್ಷದ ಡಿಸೆಂಬರ್ ತನಕ ಅದ. ತಾರೀಖು ನೋಡೀನಿ."

"ತಾರೀಖು ಅದ, ಖರೆ. ಆದ್ರ ಮಾಲಕ ತೀರಿಕೊಂಡ ಮ್ಯಾಲ ಅದು ಮೂರು ತಿಂಗಳಷ್ಟೇ ನಡೀತದ. ಅಷ್ಟರೊಳಗ ನಿಮ್ಮ ಹೆಸರಿಗಿ ಹೊಸಾದು ತಗೋಬೇಕು. ಇನ್ನೊಂದು, ದೌಲತಣ್ಣ ತಾವೇ ಫಾರ್ಮಾಸಿಸ್ಟ್ ಇದ್ರು. ಈಗ ಅಂಗಡ್ಯಾಗ ಫಾರ್ಮಾಸಿಸ್ಟ್ ಯಾರೂ ಇಲ್ಲ. ಡಾಕ್ಟರ್ ಚೀಟಿ ಮ್ಯಾಲಿನ ಔಷಧ ನೀವು ಕೊಡೋ ಹಾಂಗಿಲ್ರಿ."

ಸುಭದ್ರಾಬಾಯಿ ಗೋಡೆಗೆ ತೂಗುಹಾಕಿದ ಲೈಸನ್ಸಿನ ಕಡೆ ತಿರುಗಿದಳು. ಗೌಸಮೊಹಿದ್ದೀನ ಮತ್ತೂ ಹೇಳಿದ, "ಭೂಸನೂರ ಸಕ್ರಿ ಕಾರ್ಖಾನಿ ದವಾಖಾನಿಗಿ ವರ್ಷದ ಔಷಧ ಪೂರೈಕೆ ಗುತ್ತಿಗಿ ಕರದಾರ. ದೌಲತಣ್ಣ ಮೂರು ವರ್ಷ ಮಾಡಿದ್ರು. ಚಾಲ್ತಿ ಲೈಸನ್ಸಿನ ನಕಲು ಇಲ್ಲದ ಅರ್ಜಿ ತಗೋಳಂಗಿಲ್ಲ. ನಾನೂ ಅರ್ಜಿ ಹಾಕಾಕತ್ತೇನಿ, ಮುಚ್ಚಿಡೋದಿಲ್ಲ. ಆದ್ರ ನೀವೂ ಹಾಕ್ರಿ."

ಸಂಜೆ ಮೈದುನ ಹಣಮಂತರಾಯ ಬಂದಾಗ ಅವಳು ಎಲ್ಲವನ್ನೂ ಹೇಳಿದಳು. ಅವನು ಒಕ್ಕಲುತನ ಮಾಡುವವನು, ಅತ್ತಿಗೆಯ ಮೇಲೆ ಗೌರವವಿದ್ದವನು. ಆದರೆ ಈ ಮಾತು ಅವನಿಗೆ ಹಿಡಿಸಲಿಲ್ಲ.

"ವೈನಿ, ಅಂವ ಎದುರಿನ ಅಂಗಡಿಯವ. ನಿಮ್ಮ ಬಾಗಿಲು ಮುಚ್ಚಿದ್ರ ಯಾರಿಗಿ ಲಾಭ? ಗುತ್ತಿಗಿ ತನಗ ಬರ್ಲಿ ಅಂತ ಹೆದರಿಸಾಕತ್ತಾನ. ಹದಿನೆಂಟು ವರ್ಷದ ಅಂಗಡಿ. ಯಾರು ಬಂದು ಕೇಳ್ತಾರ?"

"ಕೇಳಿದ್ರ?"

"ಕೇಳಿದಾಗ ನೋಡೋಣ. ಗುಲಬರ್ಗಾದಾಗ ಒಬ್ಬ ಏಜೆಂಟ ನನಗ ಗೊತ್ತು. ಅಂವನ ಕಡಿಂದ ಮಾಡಿಸೋಣ. ನೀವು ಆಫೀಸು ಅಡ್ಡಾಡೋದು ಬ್ಯಾಡ."

ಸುಭದ್ರಾಬಾಯಿ ಒಪ್ಪಿಕೊಂಡಳು. ಆದರೆ ಅಂದಿನಿಂದ ಅವಳು ಗಂಡ ತೀರಿದ ಮೇಲಿನ ದಿನ ಎಣಿಸತೊಡಗಿದಳು. ನಲವತ್ತೈದು, ನಲವತ್ತೆಂಟು, ಐವತ್ತು. ಏಜೆಂಟನ ಸುದ್ದಿ ಬರಲಿಲ್ಲ. ಚೀಟಿ ಹಿಡಿದು ಬಂದವರನ್ನು ಹಿಂದಕ್ಕೆ ಕಳಿಸಲು ಮನಸ್ಸಾಗುತ್ತಿರಲಿಲ್ಲ, ಕೊಟ್ಟ ಮೇಲೆ ನೆಮ್ಮದಿಯೂ ಇರುತ್ತಿರಲಿಲ್ಲ.

ಐವತ್ತೆರಡನೆಯ ದಿನ ಮಧ್ಯಾಹ್ನ ಭೂಸನೂರಿನ ನಿಂಬೆವ್ವ ಎಂಬ ಮುದುಕಿ ಚೀಟಿ ತಂದಳು. ಎರಡು ವರ್ಷದ ಮೊಮ್ಮಗಳಿಗೆ ಫಿಟ್ಸ್ ಬರುತ್ತಿತ್ತು. ಸುಭದ್ರಾಬಾಯಿ ಚೀಟಿಯ ಹೆಸರು ಓದಿ, ಡಬ್ಬಿ ತೆಗೆದು, ಹತ್ತು ಗುಳಿಗೆ ಎಣಿಸಿ ಕೊಟ್ಟಳು. ಬಿಲ್ ಬರೆದಳು. ಮುದುಕಿ ಬಸ್ಸಿಗೆ ಹೋದಳು.

ಅರ್ಧ ಗಂಟೆಯಲ್ಲಿ ಗೌಸಮೊಹಿದ್ದೀನನ ತಂಗಿಯ ಮಗಳು ವಜೀರುನ್ನಿಸಾ ಬಂದಳು. ಗುಲಬರ್ಗಾದಲ್ಲಿ ಫಾರ್ಮಸಿ ಡಿಪ್ಲೊಮಾ ಮುಗಿಸಿ, ನೋಂದಣಿ ಮಾಡಿಸಿಕೊಂಡು, ಮನೆಯಲ್ಲಿ ಕೂತ ಹುಡುಗಿ. ಅರ್ಜಿಯ ಮಾತು ಮತ್ತೊಮ್ಮೆ ಹೇಳಿ ಬಾ ಎಂದು ಮಾಮಾ ಕಳಿಸಿದ್ದ. ಮಾತಿನ ನಡುವೆ ಅವಳ ಕಣ್ಣು ಬಿಲ್ ಪುಸ್ತಕದ ಮೇಲೆ ಬಿತ್ತು.

"ಮಾಮಿ, ಇದು ಯಾರಿಗಿ ಕೊಟ್ಟೀರಿ?"

"ಭೂಸನೂರ ನಿಂಬೆವ್ವನ ಮೊಮ್ಮಗಳಿಗಿ. ಎರಡು ವರ್ಷದ ಕೂಸು."

ವಜೀರುನ್ನಿಸಾ ಡಬ್ಬಿ ತೆಗೆದು ನೋಡಿದಳು. ಕೂಡಲೇ ಕೆಳಗಿನ ಖಾನೆ ಹುಡುಕಿದಳು. "ಹೆಸರು ಒಂದೇ ಅದ್ರಿ. ಆದ್ರ ಇದು ದೊಡ್ಡವರ ಪವರಿಂದು. ಸಣ್ಣ ಪವರಿನ ಡಬ್ಬಿ ಇಲ್ಲಿ ಕೆಳಗದ. ಇಷ್ಟು ಬಲದ್ದು ಕೂಸಿಗಿ ಹಾಕಿದ್ರ ಉಸುರು ಕಟ್ಟಬಹುದ್ರಿ."

ಸುಭದ್ರಾಬಾಯಿ ಬಸ್‌ಸ್ಟ್ಯಾಂಡಿಗೆ ಓಡಿದಳು. ಬಸ್ಸು ಹೊರಟಾಗಿತ್ತು. ಹಣಮಂತರಾಯ ಆಗ ತಾನೇ ಗೊಬ್ಬರ ಒಯ್ಯಲು ಪೇಟೆಗೆ ಬಂದಿದ್ದ. ವಿಷಯ ಕೇಳಿ ಅವನು ಕೂಡಲೇ ತನ್ನ ಫಟಫಟಿ ಮೋಟರ್‌ಸೈಕಲ್ಲನ್ನು ಭೂಸನೂರಿನ ಕಡೆ ತಿರುಗಿಸಿದ. ವಜೀರುನ್ನಿಸಾ ಎಣಿಸಿ ಕೊಟ್ಟ ಸರಿಯಾದ ಗುಳಿಗೆಯ ಪೊಟ್ಟಣವನ್ನು ಸುಭದ್ರಾಬಾಯಿ ಸೆರಗಿಗೆ ಕಟ್ಟಿಕೊಂಡು ಹಿಂದೆ ಕೂತಳು.

ಆ ದಾರಿ ಅಷ್ಟು ಉದ್ದವೆಂದು ಅವಳಿಗೆ ಹಿಂದೆಂದೂ ಅನ್ನಿಸಿರಲಿಲ್ಲ. ಎತ್ತಿನ ಬಂಡಿಗಳು ಅಡ್ಡ ಬಂದವು. ಒಂದು ಕಡೆ ರಸ್ತೆ ಕಿತ್ತಿತ್ತು. ಬಸವಣ್ಣನನ್ನು ನೆನೆಯಲು ಹೋದರೆ ಕೂಸಿನ ಮುಖವೇ ಕಣ್ಣ ಮುಂದೆ ಬರುತ್ತಿತ್ತು. ಆ ಕೂಸನ್ನು ಅವಳು ನೋಡಿಯೂ ಇರಲಿಲ್ಲ.

ಭೂಸನೂರಿನಲ್ಲಿ ಮನೆ ಕೇಳಿಕೊಂಡು ಹೋದಾಗ ನಿಂಬೆವ್ವ ಒಲೆಯ ಮುಂದೆ ಗಂಜಿ ಕಾಯಿಸುತ್ತಿದ್ದಳು. ಕೂಸು ಮಲಗಿತ್ತು.

"ನಿಂಬೆವ್ವ, ಗುಳಿಗಿ ಹಾಕಿದಿ ಏನು?"

"ಇಲ್ಲಬೇ ತಾಯಿ. ಗಂಜಿ ಕುಡಿಸಿ ಹಾಕ್ಬೇಕಂತ ಡಾಕ್ಟರ ಹೇಳ್ಯಾರ. ಯಾಕ, ರೊಕ್ಕ ಕಮ್ಮಿ ಬಿದ್ದಾವೇನು?"

ಸುಭದ್ರಾಬಾಯಿ ಸೆರಗಿನ ಗಂಟು ಬಿಚ್ಚಿದಳು. ಅವಳು ಸುಳ್ಳು ಹೇಳಲಿಲ್ಲ. "ನಾನು ತಪ್ಪು ಗುಳಿಗಿ ಕೊಟ್ಟೀನಿ, ಯವ್ವಾ" ಎಂದು ಬಾಯಿಬಿಟ್ಟು ಹೇಳಿ, ಪೊಟ್ಟಣ ಬದಲಿಸಿದಳು. ನಿಂಬೆವ್ವ ಬೈಯಲಿಲ್ಲ. ಕೂಸನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು.

ಮರಳಿ ಬರುವಾಗ ಊರಿನ ಹೊರಗೆ ಹಣಮಂತರಾಯ ಗಾಡಿ ನಿಲ್ಲಿಸಿದ. "ವೈನಿ, ಅದು ಕಾಗದದ ಮಾತು ಅಂತ ತಿಳ್ಕೊಂಡಿದ್ದೆ. ಜೀವದ ಮಾತು ಅಂತ ತಿಳೀಲಿಲ್ಲ. ನಡೀರಿ, ಗೌಸಣ್ಣನ ಹತ್ರ ಹೋಗೋಣ."

ಹೊಸ ಲೈಸನ್ಸು ಬರುವ ತನಕ ಎಂದು ಅಂದೇ ಸುಭದ್ರಾಬಾಯಿ ಅಂಗಡಿ ಮುಚ್ಚಿದಳು. ಏನೇನು ಬೇಕೆಂದು ವಜೀರುನ್ನಿಸಾ ಕೂತು ಬರೆಸಿದಳು. ದೌಲತರಾಯನ ಮರಣ ಪ್ರಮಾಣಪತ್ರ, ಹಳೆಯ ಲೈಸನ್ಸು, ಅಂಗಡಿಯ ನಕ್ಷೆ, ಬಾಡಿಗೆ ಕರಾರು, ಖಜಾನೆಯಲ್ಲಿ ಫೀ ಕಟ್ಟಿದ ಚಲನ್, ಫಾರ್ಮಾಸಿಸ್ಟಿನ ನೋಂದಣಿ ಪತ್ರದ ನಕಲು ಮತ್ತು ಒಪ್ಪಿಗೆ ಪತ್ರ.

"ಆ ಫಾರ್ಮಾಸಿಸ್ಟ್ ಯಾರವ್ವ?" ಎಂದು ಸುಭದ್ರಾಬಾಯಿ ಕೇಳಿದಳು.

"ನೀವು ಹೂಂ ಅಂದ್ರ ನಾನೇ ಬರ್ತೇನ್ರಿ. ಆದ್ರ ಬರೇ ಸರ್ಟಿಫಿಕೇಟು ಕೊಟ್ಟು ಮನ್ಯಾಗ ಕೂಡೋದಿಲ್ಲ. ಅಂಗಡಿ ತೆರೆದಿರೋತನಕ ನಾನು ಇಲ್ಲೇ ಇರ್ತೇನಿ."

ಐವತ್ತಾರನೆಯ ದಿನ ಸುಭದ್ರಾಬಾಯಿ ಮೈದುನನ ಜೊತೆ ಗುಲಬರ್ಗಾದ ಔಷಧ ನಿಯಂತ್ರಣ ಕಚೇರಿಗೆ ಹೋದಳು. ಗುಮಾಸ್ತ ಕಾಗದ ತಿರುವಿ, "ಬಾಡಿಗೆ ಕರಾರು ತೀರಿಕೊಂಡವರ ಹೆಸರಿನಲ್ಲಿದೆ. ನಿಮ್ಮ ಹೆಸರಿನಲ್ಲಿ ಮಾಡಿಸಿಕೊಂಡು ಬನ್ನಿ" ಎಂದ. ಮಳಿಗೆಯ ಮಾಲೀಕ ಸೊಲ್ಲಾಪುರಕ್ಕೆ ಹೋಗಿದ್ದ. ಅವನು ಬರುವಷ್ಟರಲ್ಲಿ ಒಂದು ವಾರ ಹೋಯಿತು. ಆ ವಾರ ಅವಳು ದಿನವೂ ಅವನ ಮನೆಯ ಬಾಗಿಲಿಗೆ ಹೋಗಿ ಬಂದಳು. ಅರವತ್ತಮೂರನೆಯ ದಿನ ಅರ್ಜಿ ಸಲ್ಲಿಸಿ, ಮುದ್ರೆ ಬಿದ್ದ ಸ್ವೀಕೃತಿ ಚೀಟಿ ಪಡೆದಾಗಲೇ ಅವಳು ಹೊಟ್ಟೆ ತುಂಬ ನೀರು ಕುಡಿದದ್ದು.

ಎಪ್ಪತ್ತನಾಲ್ಕನೆಯ ದಿನ ಔಷಧ ನಿರೀಕ್ಷಕರು ಬಂದರು. ಫ್ರಿಜ್ಜು ನೋಡಿದರು, ಅವಧಿ ಮುಗಿದ ಔಷಧ ಬೇರೆ ಇಟ್ಟದ್ದನ್ನು ನೋಡಿದರು, ವಜೀರುನ್ನಿಸಾಳನ್ನು ಒಂದಿಷ್ಟು ಪ್ರಶ್ನೆ ಕೇಳಿದರು. ಒಂದೇ ಹೆಸರಿನ ಎರಡು ಪವರಿನ ಗುಳಿಗೆಗಳನ್ನು ದೂರ ದೂರ ಇಟ್ಟು, ಮೇಲೆ ಕೆಂಪು ಚೀಟಿ ಅಂಟಿಸಿದ್ದನ್ನು ಕಂಡು, "ಇದು ಯಾರು ಮಾಡಿದ್ದು?" ಎಂದರು.

"ನಾನೇ ಮಾಡೀನ್ರಿ ಸಾಹೇಬ್ರ" ಎಂದಳು ಸುಭದ್ರಾಬಾಯಿ. ಅವರು ಅದನ್ನು ಬರೆದುಕೊಂಡು ಹೋದರು. ಮತ್ತೆ ಹನ್ನೆರಡು ದಿನ ಅವಳು ಅಂಚೆಯವನ ದಾರಿ ಕಾದಳು.

ಎಂಬತ್ತಾರನೆಯ ದಿನ ಅವಳ ಹೆಸರಿನ ಲೈಸನ್ಸು ಬಂತು. ವಜೀರುನ್ನಿಸಾಳೊಂದಿಗೆ ಅಂಗಡಿ ಮತ್ತೆ ತೆರೆಯಿತು.

ಆದರೆ ಕಾರ್ಖಾನೆಯ ಗುತ್ತಿಗೆ ಅರ್ಜಿಯ ಕೊನೆಯ ದಿನ ಅಷ್ಟೊತ್ತಿಗೆ ದಾಟಿಹೋಗಿತ್ತು. ಆ ವರ್ಷದ ಗುತ್ತಿಗೆ ಗೌಸಮೊಹಿದ್ದೀನನಿಗೇ ಸಿಕ್ಕಿತು. ಹಣಮಂತರಾಯ ಈ ಸಲ ಅವನನ್ನು ಅನುಮಾನಿಸಲಿಲ್ಲ. ಗೌಸಮೊಹಿದ್ದೀನ ತಾನೇ ಬಂದು, "ಭಾಬಿ, ನಲವತ್ತನೇ ದಿನಾನೇ ಹೊಂಟಿದ್ರ ಇದು ನಿಮಗೇ ಸಿಗ್ತಿತ್ತೇನೋ. ಮುಂದಿನ ವರ್ಷದ ಅರ್ಜಿ ಕೂಡಿ ಕೂತು ತುಂಬೋಣ" ಎಂದ. ಮರುವರ್ಷ ಅವರು ಹಾಗೆಯೇ ಮಾಡಿದರು. ಆಗ ಗುತ್ತಿಗೆ ಸುಭದ್ರಾಬಾಯಿಗೆ ಬಂತು.

ಔಷಧಿ ಅಂಗಡಿ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಸಾವು ಬರಬಹುದು, ಪಾಲುಗಾರರು ಬದಲಾಗಬಹುದು, ಫಾರ್ಮಾಸಿಸ್ಟ್ ಬಿಟ್ಟು ಹೋಗಬಹುದು. ಅಂಥ ದಿನ ಬಂದರೆ ಕೂಡಲೇ ಔಷಧ ನಿಯಂತ್ರಣ ಕಚೇರಿಗೆ ಬರೆದು ತಿಳಿಸಿ. ನಿಯಮ, ಅವಧಿ ಆಗಾಗ ಬದಲಾಗುತ್ತವೆ, ಆದ್ದರಿಂದ ಕಚೇರಿಯಲ್ಲೇ ವಿಚಾರಿಸಿ. ಅರ್ಜಿ ತುಂಬಲು ತಿಳಿಯದಿದ್ದರೆ ನಿಮ್ಮ ಸಂಘದವರನ್ನು ಕೇಳಿ, ಎದುರಿನ ಅಂಗಡಿಯವರಾದರೂ ಸರಿ, ನಾಚಿಕೆ ಬೇಡ. ಸ್ವೀಕೃತಿ ಚೀಟಿ ಇಲ್ಲದೆ ಯಾರ ಕೈಗೂ ಕಾಗದ ಕೊಟ್ಟು ಸುಮ್ಮನೆ ಕೂರಬೇಡಿ.

ಔಷಧ ಕೊಳ್ಳುವವರೇ, ನೀವೂ ಕೇಳಿ: "ಫಾರ್ಮಾಸಿಸ್ಟ್ ಅದಾರೇನ್ರಿ?" ಹಾಗೆ ಕೇಳಿದರೆ ಒಳ್ಳೆಯ ಅಂಗಡಿಯವರು ಸಿಟ್ಟಾಗುವುದಿಲ್ಲ. ನೀವು ಒಯ್ಯುವ ಪೊಟ್ಟಣದಲ್ಲಿ ನಿಮ್ಮ ಮನೆಯ ಕೂಸಿನ ಉಸಿರಿದೆ.